ಅಳಿಯನ ಟಿಕೆಟಿಗೆ ಒದಗಿದ ಹಳೆಯ ಮೈಲ್ಸ್

ಫೋನ್ ಇಟ್ಟ ಮೇಲೆ ಅಕ್ಕ ಏನೂ ಮಾತಾಡಲಿಲ್ಲ. ಒಳಗೆ ಹೋಗಿ ಒಲೆಯ ಮೇಲಿದ್ದ ಗಂಜಿ ತಿರುವಿದಳು. ದುಬೈಯಿಂದ ಅವಳ ಮಗ ಹೇಳಿದ್ದು ಇಷ್ಟೆ: ಡಿಸೆಂಬರಿನಲ್ಲಿ ರಜೆ ಸಿಕ್ಕಿದೆ, ಆದರೆ ಕ್ರಿಸ್‌ಮಸ್ ಸಮಯದ ಟಿಕೆಟ್ ದರ ನೋಡಿದರೆ ಈ ಸಲದ ಮನೆ ದೈವದ ನೇಮಕ್ಕೂ ಬರಲಿಕ್ಕೆ ಆಗುವುದಿಲ್ಲ. ಹೋಗಿ ಬರುವುದಕ್ಕೆ 2,200 ದಿರ್ಹಂ. ನಮ್ಮ ಲೆಕ್ಕದಲ್ಲಿ ಐವತ್ತೆರಡು ಸಾವಿರದಷ್ಟು. ಡೇರಾದ ಒಂದು ಕೆಫೆಟೇರಿಯಾದಲ್ಲಿ ದುಡಿಯುವ ಹುಡುಗನಿಗೆ ಅದು ಸಣ್ಣ ಮೊತ್ತವಲ್ಲ. ಮನೆಯ ಮಾಡಿಗೆ ಶೀಟು ಹಾಕಿಸಬೇಕೆಂದು ಅವನು ಎರಡು ವರ್ಷದಿಂದ ಕೂಡಿಸುತ್ತಿದ್ದ ಹಣವೇ ಅಷ್ಟಿರಬಹುದು.

ನಮ್ಮ ಕುಟುಂಬದ ಮನೆ ಪೆರ್ಡೂರಿನ ಕಡೆ. ವರ್ಷಾವಧಿ ನೇಮ ಈ ಸಲ ಡಿಸೆಂಬರ್ 27ಕ್ಕೆ ನಿಗದಿಯಾಗಿತ್ತು. ನಮ್ಮಲ್ಲಿ ಅಳಿಯಕಟ್ಟು, ಎಂದರೆ ಮನೆತನ ಸೋದರಳಿಯನಿಗೆ ಸಲ್ಲುವ ಪದ್ಧತಿ. ಅಕ್ಕನ ಮಗ ಎಂದರೆ ನಾಳೆ ಆ ಮನೆಯ ಚಾವಡಿಯಲ್ಲಿ ನಿಲ್ಲಬೇಕಾದವನು. ಎರಡು ನೇಮಕ್ಕೆ ಅವನು ಇರಲಿಲ್ಲ. ಎರಡು ಸಲವೂ ಪ್ರಸಾದ ತೆಗೆದುಕೊಳ್ಳುವಾಗ ಅಕ್ಕ ಅವನ ಹೆಸರಿನಲ್ಲಿ ಕೈ ಒಡ್ಡಿದ್ದನ್ನು ನಾನು ನೋಡಿದ್ದೇನೆ.

ಟಿಕೆಟ್ ನಾನು ತೆಗೆದು ಕೊಡುತ್ತೇನೆ ಎಂದೆ. ಅವನು ಒಪ್ಪಲಿಲ್ಲ. "ವೀಸಾದ ದುಡ್ಡೇ ನಿಮಗೆ ಪೂರ್ತಿ ಕೊಟ್ಟಾಗಲಿಲ್ಲ ಮಾವ, ಅದರ ಮೇಲೆ ಇದು ಬೇಡ" ಅಂದ. ಆ ಮಾತಿನ ಮೇಲೆ ಒತ್ತಾಯ ಮಾಡುವುದು ಸರಿಯಲ್ಲ.

ರಾತ್ರಿ ಊಟಕ್ಕೆ ಕುಳಿತಾಗ ನನ್ನ ಹೆಂಡತಿ ಕೇಳಿದಳು: "ನಿಮ್ಮದು ಆ ವಿಮಾನದ ಮೈಲ್ಸ್ ಅಂತ ಉಂಟಲ್ಲ, ಅದು ಎಂತ ಆಯಿತು?"

ನಾನು ಹನ್ನೊಂದು ವರ್ಷ ದುಬೈಯಲ್ಲಿ ಒಂದು ಕಟ್ಟಡ ಕಂಪನಿಯ ಸ್ಟೋರ್ ನೋಡಿಕೊಂಡಿದ್ದವನು. ಊರಿಗೆ ಬಂದು ಬ್ರಹ್ಮಾವರದಲ್ಲಿ ಹಾರ್ಡ್‌ವೇರ್ ಅಂಗಡಿ ಹಾಕಿ ಎರಡು ವರ್ಷವಾಗಿದೆ. ಮಂಗಳೂರಿನ ಬಜ್ಪೆ ನಿಲ್ದಾಣದಿಂದ ದುಬೈಗೆ ನೇರ ವಿಮಾನ 2006ರಲ್ಲೇ ಶುರುವಾಗಿತ್ತು. ಆದರೆ ನಮ್ಮ ಕಂಪನಿ ಟಿಕೆಟ್ ತೆಗೆಯುತ್ತಿದ್ದದ್ದು ಗಲ್ಫಿನದೇ ಒಂದು ದೊಡ್ಡ ಸಂಸ್ಥೆಯಲ್ಲಿ. ವಿದೇಶಿ ಸಂಸ್ಥೆಗಳ ವಿಮಾನ ಮಂಗಳೂರಿಗೆ ಬರುವುದಿಲ್ಲ. ಹಾಗಾಗಿ ನಾನು ಪ್ರತಿ ಸಲವೂ ಬೆಂಗಳೂರಿನಲ್ಲಿ ಇಳಿದು, ರಾತ್ರಿ ಬಸ್ಸಿನಲ್ಲಿ ಶಿರಾಡಿ ಘಾಟಿ ಇಳಿದು ಮನೆ ಸೇರುತ್ತಿದ್ದೆ. ಪ್ರತಿ ಪ್ರಯಾಣಕ್ಕೂ ಖಾತೆಗೆ ಒಂದಿಷ್ಟು ಮೈಲ್ಸ್, ಎಂದರೆ ಮುಂದೆ ಟಿಕೆಟ್ ತೆಗೆಯಲು ಬರುವ ಅಂಕ, ಬೀಳುತ್ತಿತ್ತು. ಅದರ ಜೊತೆಗೆ ಅಲ್ಲಿನ ಬ್ಯಾಂಕಿನ ಕಾರ್ಡ್ ಒಂದಿತ್ತು. ಅಕ್ಕಿ ತಂದರೂ ಪೆಟ್ರೋಲ್ ಹಾಕಿದರೂ ಅದರಿಂದ ಇನ್ನಷ್ಟು ಸೇರುತ್ತಿತ್ತು. ಕೊನೆಯ ಸಲ ನೋಡಿದಾಗ 38,400 ಇತ್ತೆಂಬ ನೆನಪು.

ಮೈಲ್ಸ್ ಅಂದರೆ ಪಿಗ್ಮಿಯ ಹಾಗೆ ಎಂದೇ ನಾನು ತಿಳಿದಿದ್ದೆ. ಅದಕ್ಕೆ ಕಾರಣವಿದೆ. ಉಡುಪಿಯ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಠೇವಣಿ ಶುರು ಮಾಡಿದ್ದು. ದಿನಕ್ಕೆ ಎರಡಾಣೆಯನ್ನೂ ಮನೆ ಬಾಗಿಲಿಗೆ ಬಂದು ಕಟ್ಟಿಸಿಕೊಳ್ಳುತ್ತಿದ್ದರು. ನಮ್ಮ ಅಪ್ಪ ಬೀಡಿ ಅಂಗಡಿಯಿಂದ ಕಟ್ಟಿದ ಪಿಗ್ಮಿಯಲ್ಲೇ ಅಕ್ಕನ ಮದುವೆಯ ಬಂಗಾರ ಆದದ್ದು. ಮುಟ್ಟದೆ ಬಿಟ್ಟಷ್ಟೂ ಒಳ್ಳೆಯದು, ಬೆಳೆಯುತ್ತದೆ, ಒಂದು ದಿನ ಕೈ ಹಿಡಿಯುತ್ತದೆ ಎಂಬ ಆ ಪಾಠ ನಮ್ಮ ಊರಿನವರ ರಕ್ತದಲ್ಲೇ ಉಂಟು. ನಾನು ಮೈಲ್ಸನ್ನೂ ಹಾಗೆಯೇ ಮುಟ್ಟದೆ ಬಿಟ್ಟೆ. ಆದರೆ ಪಿಗ್ಮಿಗೆ ಬಡ್ಡಿ ಉಂಟು, ಮೈಲ್ಸಿಗೆ ಇಲ್ಲ. ಬ್ಯಾಂಕ್ ಮುಳುಗಿದರೂ ಐದು ಲಕ್ಷದವರೆಗಿನ ಠೇವಣಿಗೆ ವಿಮೆ ಉಂಟು, ಮೈಲ್ಸಿಗೆ ಅದೂ ಇಲ್ಲ. ಮೈಲ್ಸ್ ಇಟ್ಟಷ್ಟು ದಿನವೂ ಕರಗುವ ವಸ್ತು. ನಿನ್ನೆ ಹತ್ತು ಸಾವಿರಕ್ಕೆ ಸಿಗುತ್ತಿದ್ದ ಟಿಕೆಟನ್ನು ಸಂಸ್ಥೆ ನಾಳೆ ಹದಿನೈದು ಸಾವಿರ ಮಾಡಿದರೆ ಕೇಳುವವರಿಲ್ಲ. ಇದು ನನಗೆ ಅರ್ಥವಾದದ್ದು ಆಮೇಲೆ.

ಸದಸ್ಯತ್ವದ ಕಾರ್ಡ್ ಹುಡುಕಲು ಅಟ್ಟದ ಮೇಲಿದ್ದ ಕ್ವಾಲಿಟಿ ಸ್ಟ್ರೀಟ್ ಚಾಕಲೇಟಿನ ಡಬ್ಬಿ ಇಳಿಸಿದೆ. ಗಲ್ಫಿನಿಂದ ಬಂದವರ ಮನೆಯಲ್ಲಿ ಕಾಗದಪತ್ರ ಇರುವುದು ಇಂಥ ಡಬ್ಬಿಯಲ್ಲೇ. ಹಳೆಯ ಲೇಬರ್ ಕಾರ್ಡ್, ಹತ್ತಾರು ಬೋರ್ಡಿಂಗ್ ಪಾಸ್, ರಬ್ಬರ್ ಬ್ಯಾಂಡ್ ಹಾಕಿದ ಹಳೆಯ ಪಾಸ್‌ಪೋರ್ಟ್, ಕೆಳಗೆ ಕಾರ್ಡ್. ಮೊಬೈಲಿನಲ್ಲಿ ಸದಸ್ಯತ್ವ ಸಂಖ್ಯೆ ಹಾಕಿದೆ, ಪಾಸ್‌ವರ್ಡ್ ನೆನಪಿರಲಿಲ್ಲ. ಮರೆತಿದ್ದೇನೆ ಎಂದು ಒತ್ತಿದರೆ ಒಟಿಪಿ ಹೋದದ್ದು ನನ್ನ ದುಬೈ ನಂಬರಿಗೆ. ಆ ಸಿಮ್ ನಾನು ಊರಿಗೆ ಬರುವ ಹಿಂದಿನ ದಿನವೇ ರದ್ದು ಮಾಡಿ ಬಂದಿದ್ದೆ. ಇಮೇಲ್‌ಗೆ ಕಳಿಸು ಎಂದರೆ ಅದು ಹೋಗುತ್ತಿದ್ದದ್ದು ಕಂಪನಿಯ ಇಮೇಲಿಗೆ. ಕೆಲಸ ಬಿಟ್ಟ ವಾರವೇ ಅದೂ ಮುಚ್ಚಿತ್ತು. ಎರಡೂ ಬಾಗಿಲಿಗೆ ಬೀಗ, ಎರಡೂ ಕೀಲಿಕೈ ಸಮುದ್ರದಾಚೆ.

ಗಲ್ಫಿನಲ್ಲಿ ಇರುವವರು, ಊರಿಗೆ ಮರಳುವ ಯೋಚನೆ ಇರುವವರು ದಯವಿಟ್ಟು ಇದೊಂದನ್ನು ಮಾಡಿ. ಕಂಟೇನರಿಗೆ ಸಾಮಾನು ತುಂಬುವುದಕ್ಕಿಂತ ಮೊದಲು, ಸಿಮ್ ರದ್ದು ಮಾಡುವುದಕ್ಕಿಂತ ಮೊದಲು, ಮೈಲ್ಸ್ ಖಾತೆಯ ಇಮೇಲನ್ನು ನಿಮ್ಮ ಸ್ವಂತ ಜೀಮೇಲ್‌ಗೆ ಬದಲಾಯಿಸಿ. ಊರಿನ ನಂಬರ್ ಸೇರಿಸಿ. ಪಾಸ್‌ಪೋರ್ಟ್ ನವೀಕರಣವಾಗಿದ್ದರೆ ಹೊಸ ಸಂಖ್ಯೆ ಹಾಕಿ. ಅಲ್ಲಿರುವಾಗ ಹತ್ತು ನಿಮಿಷದ ಕೆಲಸ ಇದು. ನನಗೆ ಇಲ್ಲಿ ಹತ್ತೊಂಬತ್ತು ದಿನ ಹಿಡಿಯಿತು.

ಆ ಹತ್ತೊಂಬತ್ತು ದಿನದಲ್ಲಿ ಹೆಚ್ಚಿನದು ಕಾಯುವುದೇ. ಅಂಗಡಿಗೆ ಬೆಳಗ್ಗಿನ ಗಿರಾಕಿಗಳು ಬಂದು ಹೋದ ಮೇಲೆ, ಹನ್ನೊಂದರ ಹೊತ್ತಿಗೆ ಸಹಾಯವಾಣಿಗೆ ಫೋನ್ ಮಾಡುತ್ತಿದ್ದೆ. ಪ್ರತಿ ಸಲ ಬೇರೆ ಬೇರೆ ಹುಡುಗ ಹುಡುಗಿಯರು, ಪ್ರತಿ ಸಲ ಮೊದಲಿನಿಂದ ಕತೆ. ಮೂರನೇ ಸಲಕ್ಕೆ ಬುದ್ಧಿ ಬಂತು: ದೂರಿಗೆ ಒಂದು ಸಂಖ್ಯೆ ಕೊಡುತ್ತಾರೆ, ಅದನ್ನು ಕೇಳಿ ಪಡೆದು ಬರೆದಿಟ್ಟುಕೊಂಡೆ. ಅಲ್ಲಿಂದ ಮುಂದೆ ಸಂಖ್ಯೆ ಹೇಳಿದರೆ ಸಾಕು, ಹಿಂದಿನದೆಲ್ಲ ಅವರ ಎದುರು ತೆರೆಯುತ್ತಿತ್ತು. ಅವರು ಕೇಳಿದ್ದು ಹೊಸ ಮತ್ತು ಹಳೆಯ ಎರಡೂ ಪಾಸ್‌ಪೋರ್ಟಿನ ಪ್ರತಿ, ಹುಟ್ಟಿದ ದಿನಾಂಕ, ಕೊನೆಯ ಪ್ರಯಾಣದ ದಿನ ಮತ್ತು ಟಿಕೆಟ್ ಸಂಖ್ಯೆ. ಖಾತೆಯಲ್ಲಿ ಇದ್ದದ್ದು ಹಳೆಯ ಪಾಸ್‌ಪೋರ್ಟಿನ ಸಂಖ್ಯೆ; ಹೊಸದನ್ನು ಮಾತ್ರ ಕಳಿಸಿದ್ದರೆ ನಾನು ನಾನೇ ಎಂದು ತೋರಿಸಲು ದಾರಿಯೇ ಇರುತ್ತಿರಲಿಲ್ಲ. ರಬ್ಬರ್ ಬ್ಯಾಂಡ್ ಹಾಕಿ ಎರಡನ್ನೂ ಒಟ್ಟಿಗೆ ಇಟ್ಟದ್ದು ನನ್ನ ಹೆಂಡತಿ. ಡಬ್ಬಿಯಲ್ಲಿದ್ದ ಬೋರ್ಡಿಂಗ್ ಪಾಸಿನ ಅಕ್ಷರ ಅರ್ಧ ಮಾಸಿತ್ತು. ಬಿಸಿಲಿಗೆ ಹಿಡಿದು ಸಂಖ್ಯೆ ಓದಿ ಬರೆದೆ.

ಅಕ್ಟೋಬರ್ 2ರಂದು ಖಾತೆ ತೆರೆಯಿತು. 38,400 ಹಾಗೆಯೇ ಇತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲು: ಇದರಲ್ಲಿ 11,200 ಮೈಲ್ಸ್ ಅಕ್ಟೋಬರ್ 31ಕ್ಕೆ ಮುಗಿಯುತ್ತದೆ.

ಎದೆ ಒಮ್ಮೆ ಧಸಕ್ಕೆಂದಿತು. ಅಳಿಯನ ಫೋನ್ ಬಾರದೇ ಇದ್ದಿದ್ದರೆ, ಹೆಂಡತಿ ಆ ಒಂದು ಪ್ರಶ್ನೆ ಕೇಳದೇ ಇದ್ದಿದ್ದರೆ, ನವೆಂಬರ್ ಒಂದಕ್ಕೆ ಮೂರರಲ್ಲೊಂದು ಪಾಲಿನಷ್ಟು ಸದ್ದಿಲ್ಲದೆ ಹೋಗುತ್ತಿತ್ತು. ಎಚ್ಚರಿಕೆಯ ಇಮೇಲ್ ಅವರು ಕಳಿಸಿಯೂ ಇರಬಹುದು, ಮುಚ್ಚಿಹೋದ ಆ ಕಂಪನಿ ಇಮೇಲಿಗೆ.

ಅವಧಿಯ ವಿಷಯ ಒಂದೊಂದು ಕಡೆ ಒಂದೊಂದು ಥರ. ಎಮಿರೇಟ್ಸಿನ ಸ್ಕೈವಾರ್ಡ್ಸ್ ಮೈಲ್ಸ್ ಮೂರನೆಯ ವರ್ಷದಲ್ಲಿ ನಿಮ್ಮ ಹುಟ್ಟಿದ ತಿಂಗಳ ಕೊನೆಗೆ ಮುಗಿಯುತ್ತದೆ. ಸಿಂಗಾಪುರ ಏರ್‌ಲೈನ್ಸಿನ ಕ್ರಿಸ್‌ಫ್ಲೈಯರ್ ಕೂಡ ಮೂರು ವರ್ಷದ್ದು. ಅಮೆರಿಕದ ಡೆಲ್ಟಾದಲ್ಲಿ ಅವಧಿಯೇ ಇಲ್ಲ. ಬ್ರಿಟಿಷ್ ಏರ್‌ವೇಸ್ ಏವಿಯೋಸ್ ಮಾತ್ರ ಖಾತೆಯಲ್ಲಿ ಚಲನೆ ಇದ್ದರೆ ಬದುಕಿರುತ್ತದೆ: ಒಂದಿಷ್ಟು ಸೇರಿಸಿದರೂ ಸರಿ, ಒಂದಿಷ್ಟು ಖರ್ಚು ಮಾಡಿದರೂ ಸರಿ, ಮತ್ತೆ 36 ತಿಂಗಳು ಆಯುಷ್ಯ. ನಿಮ್ಮದು ಯಾವ ಜಾತಿಯದು ಎಂದು ಮೊದಲು ತಿಳಿದುಕೊಳ್ಳಬೇಕು. ಸಂಸ್ಥೆಯೇ ನಿಂತುಹೋಗುವುದೂ ಉಂಟು. ಜೆಟ್ ಏರ್‌ವೇಸ್ ಹಾರಾಟ ನಿಲ್ಲಿಸಿದ್ದು 2019ರ ಏಪ್ರಿಲ್ 17ಕ್ಕೆ. ಅದರ ಮೈಲ್ಸ್ ಯೋಜನೆ ಜೆಟ್‌ಪ್ರಿವಿಲೇಜ್ ಬೇರೆಯೇ ಕಂಪನಿಯಾಗಿದ್ದದ್ದರಿಂದ ಉಳಿದು, ಅದೇ ವರ್ಷ ಇಂಟರ್‌ಮೈಲ್ಸ್ ಎಂದು ಹೆಸರು ಬದಲಿಸಿಕೊಂಡಿತು. ವಿಸ್ತಾರ 2024ರ ನವೆಂಬರ್ 12ಕ್ಕೆ ಏರ್ ಇಂಡಿಯಾದಲ್ಲಿ ಸೇರಿದಾಗ ಅಲ್ಲಿನ ಪಾಯಿಂಟ್‌ಗಳು ಏರ್ ಇಂಡಿಯಾದ ಖಾತೆಗೆ ಬಂದವು. ದೆಹಲಿಯ ಒಂದು ಪ್ರದರ್ಶನಕ್ಕೆ ಹೋಗಿ ಬಂದ ನನ್ನ ಕೆಲವು ಪಾಯಿಂಟ್ ಅಲ್ಲೂ ಬಿದ್ದಿದೆ. ಆದರೆ ಅದನ್ನು ಗಲ್ಫಿನ ಸಂಸ್ಥೆಯ ಮೈಲ್ಸಿಗೆ ಕೂಡಿಸಲು ಬರುವುದಿಲ್ಲ. ಅದನ್ನು ಅಲ್ಲಿಗೇ ಬಿಟ್ಟೆ.

ಖಾತೆ ಕೈಗೆ ಬಂತು, ಸಮಯ ಕಡಿಮೆ. ಮೊದಲು ಕಣ್ಣಿಗೆ ಬಿದ್ದದ್ದು ಅವರ ಸಾಮಾನಿನ ಅಂಗಡಿ. ಇಯರ್‌ಫೋನ್, ವಾಚ್, ಟ್ರಾಲಿ ಬ್ಯಾಗ್. ಒಂದು ಬ್ಯಾಗಿಗೆ 24,000 ಮೈಲ್ಸ್. ಅದೇ ಬ್ಯಾಗ್ ಉಡುಪಿಯಲ್ಲಿ ಐದೂವರೆ ಸಾವಿರಕ್ಕೆ ಸಿಗುತ್ತದೆ. ಸ್ಟೋರ್ ಕೀಪರ್ ಆಗಿದ್ದವನಿಗೆ ಒಂದೊಂದು ಸಾಮಾನಿನ ದರ ಬಿಡಿಸುವುದು ಅಭ್ಯಾಸ. ಅಂಗಡಿಯ ಬಿಲ್ ಪುಸ್ತಕದ ಹಿಂದೆ ಲೆಕ್ಕ ಹಾಕಿದೆ. ಬ್ಯಾಗ್ ತೆಗೆದರೆ ಒಂದು ಮೈಲಿಗೆ 23 ಪೈಸೆ.

ಆಮೇಲೆ ಟಿಕೆಟಿನ ಲೆಕ್ಕ. ನನ್ನ ಸಂಸ್ಥೆಯಲ್ಲಿ ಎರಡು ಬಗೆ. ಕಡಿಮೆ ಮೈಲ್ಸಿನ ಸೀಟು ಒಂದು, ದುಪ್ಪಟ್ಟು ಮೈಲ್ಸಿನದು ಇನ್ನೊಂದು. ಕಡಿಮೆಯದು ದುಬೈಯಿಂದ ದಕ್ಷಿಣ ಭಾರತಕ್ಕೆ ಒಂದು ದಾರಿಗೆ 15,000. ಮೈಲ್ಸಿನ ಟಿಕೆಟ್ ಪೂರ್ತಿ ಪುಕ್ಕಟೆ ಅಲ್ಲ. ತೆರಿಗೆ ಮತ್ತು ಸಂಸ್ಥೆಯ ಶುಲ್ಕ ಕೈಯಿಂದ ಕಟ್ಟಬೇಕು. ಹೋಗಿ ಬರಲು ಅದು 520 ದಿರ್ಹಂ ಆಯಿತು. ಕ್ರಿಸ್‌ಮಸ್ ವಾರದ ಟಿಕೆಟ್ 2,200 ದಿರ್ಹಂ, ಅದರಲ್ಲಿ 520 ಕಳೆದರೆ 1,680. ದಿರ್ಹಮಿಗೆ 24 ರೂಪಾಯಿಯಂತೆ ನಲವತ್ತು ಸಾವಿರದ ಮೇಲೆ. ಅದನ್ನು 30,000 ಮೈಲ್ಸಿಗೆ ಹಂಚಿದರೆ ಒಂದು ಮೈಲಿಗೆ 1 ರೂಪಾಯಿ 34 ಪೈಸೆ.

ಇದೇ ಟಿಕೆಟ್ ಫೆಬ್ರವರಿಯಲ್ಲಿ ಎಷ್ಟೆಂದು ನೋಡಿದೆ. ಹೋಗಿ ಬರಲು 900 ದಿರ್ಹಂ. ಮೈಲ್ಸ್ ಮಾತ್ರ ಆಗಲೂ 30,000ವೇ, ತೆರಿಗೆಯೂ ಅಷ್ಟೇ. ಹಾಗೆ ಲೆಕ್ಕ ಹಾಕಿದರೆ ಮೈಲಿಗೆ 30 ಪೈಸೆ. ಎಂದರೆ ದುಡ್ಡಿನ ದರ ಹಬ್ಬಕ್ಕೆ ಏರುತ್ತದೆ, ರಜೆಗೆ ಏರುತ್ತದೆ. ಮೈಲ್ಸಿನ ದರ ನಿಗದಿ ಇರುವ ಸಂಸ್ಥೆಯಲ್ಲಿ ಅದು ಏರುವುದಿಲ್ಲ. ಟಿಕೆಟ್ ಅಗ್ಗ ಇರುವಾಗ ದುಡ್ಡು ಕೊಟ್ಟು ಹೋಗಬೇಕು, ಕೈ ಸುಡುವಾಗ ಮೈಲ್ಸ್ ತೆಗೆಯಬೇಕು. ಈಗ ಕೆಲವು ಸಂಸ್ಥೆಗಳು ಮೈಲ್ಸಿನ ದರವನ್ನೂ ಟಿಕೆಟಿನ ಜೊತೆ ಏರಿಸಿ ಇಳಿಸುತ್ತವೆ, ಅಲ್ಲಿ ಈ ಲಾಭ ಇಲ್ಲ. ಯಾವುದಾದರೂ ಲೆಕ್ಕದ ದಾರಿ ಒಂದೇ: ಟಿಕೆಟಿನ ದರದಲ್ಲಿ ತೆರಿಗೆ ಕಳೆದು, ಉಳಿದದ್ದನ್ನು ಮೈಲ್ಸಿನಿಂದ ಭಾಗಿಸಿ. ಎರಡು ಮೂರು ಕಡೆ ಹಾಕಿ ನೋಡಿದರೆ ಯಾವುದಕ್ಕೆ ಖರ್ಚು ಮಾಡಬಾರದು ಎಂಬುದು ತಾನೇ ಕಾಣುತ್ತದೆ.

ಅಳಿಯನಿಗೆ ಫೋನ್ ಮಾಡಿದೆ. "ನನ್ನ ದುಡ್ಡು ಒಂದು ಪೈಸೆ ಇಲ್ಲ ಇದರಲ್ಲಿ. ತೆಗೆಯದಿದ್ದರೆ ಈ ತಿಂಗಳ ಕೊನೆಗೆ ಹಾಳಾಗಿ ಹೋಗುವಂಥದ್ದು. ತೆರಿಗೆ ನೀನೇ ಕಟ್ಟು" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಹಾಗಾದರೆ ಆಯ್ತು ಮಾವ. ಅಮ್ಮನಿಗೆ ಈಗಲೇ ಹೇಳಬೇಡಿ, ಟಿಕೆಟ್ ಆದ ಮೇಲೆ ಹೇಳುವ" ಅಂದ.

ಟಿಕೆಟ್ ಆಗುವುದೇ ದೊಡ್ಡ ಕೆಲಸವೆಂದು ಇಬ್ಬರಿಗೂ ಗೊತ್ತಿರಲಿಲ್ಲ. ಕಡಿಮೆ ಮೈಲ್ಸಿನ ಸೀಟು ಒಂದು ವಿಮಾನದಲ್ಲಿ ಬೆರಳೆಣಿಕೆಯಷ್ಟು ಇಡುತ್ತಾರೆ. ಕ್ರಿಸ್‌ಮಸ್ ವಾರದಲ್ಲಿ ಅದೂ ಅಪರೂಪ. ಬೆಂಗಳೂರಿಗೆ ಡಿಸೆಂಬರ್ 19ರಿಂದ 26ರವರೆಗೆ ಒಂದೂ ಇರಲಿಲ್ಲ. ಮುಂಬೈಗೂ ಇಲ್ಲ. ಉಡುಪಿಯಲ್ಲಿ ಟ್ರಾವೆಲ್ಸ್ ನಡೆಸುವ ನನ್ನ ಗೆಳೆಯನೊಬ್ಬ ಹೇಳಿಕೊಟ್ಟದ್ದು ಇಲ್ಲಿ ಕೆಲಸಕ್ಕೆ ಬಂತು: ಹೋಗಿ ಬರುವುದನ್ನು ಒಟ್ಟಿಗೆ ಹುಡುಕಬೇಡ, ಒಂದೊಂದು ದಾರಿಯನ್ನು ಬೇರೆ ಬೇರೆ ಹುಡುಕು. ಇಳಿಯುವ ಊರು ಒಂದು, ಹತ್ತುವ ಊರು ಇನ್ನೊಂದು ಆದರೂ ತೊಂದರೆ ಇಲ್ಲ. ದಿನವೂ ನೋಡು, ಬೇರೆಯವರು ರದ್ದು ಮಾಡಿದ್ದು ಬೆಳಗ್ಗೆ ಕಾಣಿಸುತ್ತದೆ.

ಇನ್ನೊಂದು ಮಾತನ್ನೂ ಅವನು ಗಟ್ಟಿಯಾಗಿ ಹೇಳಿದ. ಮೈಲ್ಸ್ ಮಾರಿ ದುಡ್ಡು ಮಾಡಿಕೊಡುತ್ತೇವೆ ಎಂದು ಫೋನ್ ಮಾಡುವವರು ಇರುತ್ತಾರೆ, ಅವರ ಬಲೆಗೆ ಬೀಳಬೇಡ. ಮಾರುವುದು ನಿಯಮಕ್ಕೆ ವಿರುದ್ಧ. ಗೊತ್ತಾದರೆ ಖಾತೆ ಮುಚ್ಚಿ ಟಿಕೆಟ್ ರದ್ದು ಮಾಡುತ್ತಾರೆ, ವಿಮಾನ ನಿಲ್ದಾಣದಲ್ಲಿ ನಿಂತ ಪ್ರಯಾಣಿಕ ಅಲ್ಲೇ ಬಾಕಿ. ಮನೆಯವರಿಗೆ, ಸಂಬಂಧಿಕರಿಗೆ ತೆಗೆದು ಕೊಡಲು ಮಾತ್ರ ಹೆಚ್ಚಿನ ಕಡೆ ಅವಕಾಶ ಉಂಟು.

ಕೊಚ್ಚಿಗೆ ಡಿಸೆಂಬರ್ 22ಕ್ಕೆ ಒಂದು ಸೀಟು ಕಂಡಿತು. ಅಂಗಡಿಯಲ್ಲಿ ಪೈಂಟ್ ಕಲಸುತ್ತಿದ್ದ ಕೈ ಒರೆಸಿಕೊಂಡು ಒತ್ತಿದೆ. ಪ್ರಯಾಣಿಕನ ಹೆಸರು ಹಾಕುವಲ್ಲಿ ನನ್ನ ಹೆಸರು ಮಾತ್ರ ಇತ್ತು. ಬೇರೆಯವರಿಗೆ ತೆಗೆಯಬೇಕಾದರೆ ಅವರನ್ನು ಮೊದಲೇ ಕುಟುಂಬದ ಪಟ್ಟಿಗೆ ಸೇರಿಸಬೇಕು, ಅದು ಮಂಜೂರಾಗಬೇಕು. ಸೇರಿಸಿದೆ, ಮಂಜೂರಾಗಲು ಮೂರು ದಿನ. ಮೂರು ದಿನದಲ್ಲಿ ಆ ಸೀಟು ಇನ್ಯಾರದೋ ಆಯಿತು. ಖಾತೆ ತೆರೆದ ದಿನವೇ ನಾನು ಅವನ ಹೆಸರು ಸೇರಿಸಿದ್ದರೆ ಹೀಗಾಗುತ್ತಿರಲಿಲ್ಲ. ಸೀಟು ಹುಡುಕುವುದು ಆಮೇಲಿನ ಕೆಲಸ, ಪಟ್ಟಿಗೆ ಹೆಸರು ಸೇರಿಸುವುದು ಮೊದಲಿನ ಕೆಲಸ. ಹೆಸರನ್ನೂ ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೆಯೇ, ಅಕ್ಷರಕ್ಕೆ ಅಕ್ಷರ ಹಾಕಬೇಕು. ನಮ್ಮ ಕಡೆಯ ಹೆಸರುಗಳಲ್ಲಿ ಶಾಲೆಯ ದಾಖಲೆಗೊಂದು, ಪಾಸ್‌ಪೋರ್ಟಿಗೊಂದು ಸ್ಪೆಲ್ಲಿಂಗ್ ಇರುತ್ತದಲ್ಲ. ಅಳಿಯನಿಂದ ಪಾಸ್‌ಪೋರ್ಟಿನ ಫೋಟೋ ತರಿಸಿ, ಅದನ್ನು ಎದುರಿಗಿಟ್ಟುಕೊಂಡೇ ತುಂಬಿದೆ.

ಐದು ದಿನ ಬೆಳಿಗ್ಗೆ ಎದ್ದ ಕೂಡಲೇ ನೋಡಿದೆ. ಆರನೆಯ ದಿನ, ಅಕ್ಟೋಬರ್ 11ಕ್ಕೆ, 23ನೇ ತಾರೀಖಿನ ಕೊಚ್ಚಿ ವಿಮಾನದಲ್ಲಿ ಒಂದು ಸೀಟು ಬಂತು. ಹಿಂದೆ ಹೋಗಲು ಜನವರಿ 5ಕ್ಕೆ ಬೆಂಗಳೂರಿನಿಂದ ಇತ್ತು. ಆರಕ್ಕೆ ಅವನು ಕೆಲಸಕ್ಕೆ ಹಾಜರಾಗಬೇಕು. ಅವನನ್ನು ಫೋನಿನಲ್ಲೇ ಹಿಡಿದುಕೊಂಡು ಎರಡನ್ನೂ ಒಂದರ ಹಿಂದೊಂದು ಮಾಡಿದೆವು. ತೆರಿಗೆ ಕಟ್ಟುವ ಜಾಗದಲ್ಲಿ ಅವನ ಕಾರ್ಡಿನ ವಿವರ ಹಾಕಿದೆವು, ಒಟಿಪಿ ಅವನೇ ಓದಿ ಹೇಳಿದ. ದಿರ್ಹಮಿನ ಬಿಲ್ಲಿಗೆ ನಮ್ಮ ಇಲ್ಲಿನ ಕಾರ್ಡ್ ಕೊಟ್ಟರೆ ಬ್ಯಾಂಕು ವಿದೇಶಿ ವಹಿವಾಟಿನ ಶುಲ್ಕ ಬೇರೆ ಹಾಕುತ್ತದೆ, ಅದೂ ಉಳಿಯಿತು. ಅಕ್ಟೋಬರ್ 31ಕ್ಕೆ ಮುಗಿಯಬೇಕಿದ್ದ 11,200 ಮೈಲ್ಸೇ ಮೊದಲು ಖರ್ಚಾಯಿತು. ಹಳೆಯದು ಮೊದಲು ಹೋಗುವ ಪದ್ಧತಿ ಇದೆ, ಸ್ಟೋರಿನಲ್ಲಿ ಸಿಮೆಂಟ್ ಚೀಲ ತೆಗೆಯುವ ಹಾಗೆ. ಟಿಕೆಟ್ ಆಗುವ ದಿನ ಮೈಲ್ಸ್ ಜೀವಂತ ಇದ್ದರೆ ಸಾಕು, ಪ್ರಯಾಣ ಡಿಸೆಂಬರಿನಲ್ಲಾದರೂ ಅಡ್ಡಿ ಇಲ್ಲ.

ಒಂದು ವಿಷಯ ಸಹಾಯವಾಣಿಯಲ್ಲಿ ಕೇಳಿ ಖಚಿತ ಮಾಡಿಕೊಂಡೆ. ನವೆಂಬರಿನಲ್ಲಿ ಟಿಕೆಟ್ ರದ್ದು ಮಾಡಬೇಕಾಗಿ ಬಂದರೆ? ಶುಲ್ಕ ಹಿಡಿದು ಮೈಲ್ಸ್ ಹಿಂದೆ ಕೊಡುತ್ತಾರೆ, ಆದರೆ ಅವಧಿ ಮುಗಿದ ಆ 11,200 ಹಿಂದೆ ಬಂದ ಕೂಡಲೇ ಇಲ್ಲವಾಗುತ್ತದೆ. ಕೊನೆಯ ಗಳಿಗೆಯ ಮೈಲ್ಸಿನಲ್ಲಿ ಟಿಕೆಟ್ ತೆಗೆಯುವವರು ರಜೆ ಖಾತ್ರಿಯಾಗದೆ ತೆಗೆಯಬಾರದು. ಅಳಿಯನಿಗೆ ಮಾಲೀಕರ ಸಹಿ ಇದ್ದ ರಜೆ ಚೀಟಿ ತೆಗೆದುಕೋ ಎಂದು ಅವತ್ತೇ ಹೇಳಿದೆ. ಅವನು ಅದರ ಫೋಟೋ ಕಳಿಸಿದ.

ಕೊಚ್ಚಿಯಿಂದ ಉಡುಪಿಗೆ ರೈಲು. ನೇತ್ರಾವತಿ ಎಕ್ಸ್‌ಪ್ರೆಸ್ ಆಲುವಾದಲ್ಲಿ ನಿಲ್ಲುತ್ತದೆ, ಕೊಚ್ಚಿಯ ನೆಡುಂಬಾಶ್ಶೇರಿ ವಿಮಾನ ನಿಲ್ದಾಣಕ್ಕೆ ಅದು ಹತ್ತಿರ. ಅಲ್ಲಿ ಹತ್ತಿದರೆ ಮಂಗಳೂರು ಜಂಕ್ಷನ್ ದಾಟಿ ನೇರ ಉಡುಪಿ. ಹಿಂದೆ 120 ದಿನ ಮೊದಲೇ ಸಿಗುತ್ತಿದ್ದ ರೈಲು ಟಿಕೆಟ್ 2024ರ ನವೆಂಬರಿನಿಂದ 60 ದಿನಕ್ಕೆ ಇಳಿದಿದೆ. ಡಿಸೆಂಬರ್ 23ರ ಟಿಕೆಟ್ ತೆರೆಯುವುದು ಅಕ್ಟೋಬರ್ 24ಕ್ಕೆ. ಅವತ್ತು ಬೆಳಿಗ್ಗೆ ಎಂಟಕ್ಕೆ ಅಂಗಡಿ ತೆರೆಯದೆ ಮನೆಯಲ್ಲೇ ಕುಳಿತು ಸ್ಲೀಪರ್ ಟಿಕೆಟ್ ತೆಗೆದೆ. ಕ್ರಿಸ್‌ಮಸ್‌ಗೆ ಊರಿಗೆ ಬರುವವರ ರಶ್, ಸ್ವಲ್ಪ ತಡ ಮಾಡಿದ್ದರೆ ವೇಟಿಂಗ್ ಲಿಸ್ಟೇ ಆಗುತ್ತಿತ್ತು.

ಆಮೇಲೆ ಅಕ್ಕನಿಗೆ ಹೇಳಿದೆವು. ಅವಳಿಗೆ ನನ್ನ ಲೆಕ್ಕ ಯಾವುದೂ ಬೇಡವಾಗಿತ್ತು. "ಅವನು ಯಾವಾಗ ಬರುವುದು?" ಒಂದೇ ಪ್ರಶ್ನೆ. 23ರ ರಾತ್ರಿ ಎಂದೆ. ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಪೆನ್ನಿನಿಂದ ಸುತ್ತು ಹಾಕಿದಳು. ಮರುದಿನ ಹುರುಳಿ ಒಣಗಿಸಲು ಹಾಕಿದಳು. ಇನ್ನೂ ಎರಡು ತಿಂಗಳು ಇತ್ತು.

23ರ ರಾತ್ರಿ ಉಡುಪಿಯ ಇಂದ್ರಾಳಿ ಸ್ಟೇಷನ್ನಿಗೆ ಅಕ್ಕನನ್ನೂ ಕರೆದುಕೊಂಡು ಹೋದೆ. ರೈಲು ತಡವಾಗಿತ್ತು. ಚಳಿಗೆ ಅವಳು ಸೆರಗು ಹೊದ್ದು ಬೆಂಚಿನ ಮೇಲೆ ಕುಳಿತಿದ್ದಳು. ಅವನು ಇಳಿದಾಗ ಅವಳು ಮೊದಲು ಹೇಳಿದ್ದು, "ಸಪೂರ ಆಗಿದ್ದಿ ಮಾರಾಯ." ಅವನ ಕೈಯಲ್ಲಿ ಒಂದೇ ಬ್ಯಾಗ್. ದುಬೈಯಲ್ಲಿ ವಿಮಾನ ಹತ್ತಿದಲ್ಲಿಂದ ಇಲ್ಲಿಯವರೆಗೆ ಒಂದು ದಿನವೇ ಹಿಡಿದಿತ್ತು. ನೇರ ವಿಮಾನದಲ್ಲಿ ಬಂದಿದ್ದರೆ ನಾಲ್ಕು ಗಂಟೆಯೊಳಗೆ ಬಜ್ಪೆ. ಆ ಕಷ್ಟಕ್ಕೆ ಅವನು ಬೇಸರ ಮಾಡಲಿಲ್ಲ; ರೈಲಿನಲ್ಲಿ ಕಾಸರಗೋಡು ದಾಟಿದ ಮೇಲೆ ಯಾರೋ ತುಳು ಮಾತಾಡಿದ್ದು ಕೇಳಿ ನಿದ್ದೆಯೇ ಬರಲಿಲ್ಲವಂತೆ.

ನೇಮದ ರಾತ್ರಿಯ ಬಗ್ಗೆ ಇಲ್ಲಿ ಹೆಚ್ಚು ಬರೆಯುವುದಿಲ್ಲ, ಅದು ಮನೆಯ ವಿಷಯ. ದೈವದ ಎದುರು ಕುಟುಂಬದವರು ಸಾಲಾಗಿ ನಿಂತಾಗ ಅಕ್ಕ ಈ ಸಲ ತನ್ನ ಹೆಸರಿಗೆ ಮಾತ್ರ ಕೈ ಒಡ್ಡಿದಳು. ಅವನು ಅವಳ ಪಕ್ಕದಲ್ಲೇ ಇದ್ದ.

ಜನವರಿ 4ರ ರಾತ್ರಿ ಹತ್ತಿದ ಬಸ್ಸು ಬೆಳಿಗ್ಗೆ ತಡವಾದರೆ ವಿಮಾನ ತಪ್ಪೀತೆಂದು 3ರ ರಾತ್ರಿಯೇ ಅವನನ್ನು ಬೆಂಗಳೂರಿಗೆ ಕಳಿಸಿದೆವು. ಒಂದು ದಿನ ನನ್ನ ಭಾವಮೈದುನನ ಮನೆಯಲ್ಲಿದ್ದು, ಅಲ್ಲಿಂದ ವಾಯುವಜ್ರ ಬಸ್ಸಿನಲ್ಲಿ ದೇವನಹಳ್ಳಿಗೆ ಹೋದ. ಮೈಲ್ಸಿನ ಟಿಕೆಟ್ ತಪ್ಪಿಸಿಕೊಂಡರೆ ಬದಲಿ ಟಿಕೆಟ್ ಆ ವಾರದ ದುಬಾರಿ ದರದಲ್ಲೇ ಕೊಳ್ಳಬೇಕು. ಶಿರಾಡಿಯಲ್ಲಿ ಒಂದು ಲಾರಿ ಅಡ್ಡ ನಿಂತರೆ ಸಾಕಲ್ಲ.

ಹೊರಡುವ ಮೊದಲು ಉಡುಪಿ ಬಸ್‌ ನಿಲ್ದಾಣದಲ್ಲಿ ಅರ್ಧ ಗಂಟೆ ಸಮಯ ಇತ್ತು. ಅವನ ಮೊಬೈಲ್ ತೆಗೆಸಿ, ಅವನ ಹೆಸರಿನಲ್ಲೇ ಒಂದು ಖಾತೆ ಮಾಡಿಸಿದೆ. ಮೈಲ್ಸಿನ ಟಿಕೆಟಿಗೆ ಮೈಲ್ಸ್ ಬೀಳುವುದಿಲ್ಲ, ಮುಂದಿನ ಪ್ರಯಾಣಗಳಿಗೆ ಬೀಳುತ್ತದೆ. ಇಮೇಲ್ ಜಾಗದಲ್ಲಿ ಅವನು ಕೆಫೆಟೇರಿಯಾದ ಇಮೇಲ್ ಹಾಕಲು ಹೊರಟ. ಅದನ್ನು ಅಳಿಸಿ ಅವನ ಸ್ವಂತದ್ದನ್ನು ಹಾಕಿಸಿದೆ. ಎರಡನೇ ನಂಬರಾಗಿ ಅಕ್ಕನ ಮೊಬೈಲ್.

ನನ್ನ ಖಾತೆಯಲ್ಲಿ ಇನ್ನು 8,400 ಉಳಿದಿದೆ. ಅದರಲ್ಲಿ 5,000 ಮುಂದಿನ ಮಾರ್ಚಿಗೆ ಮುಗಿಯುತ್ತದೆ. ಒಂದು ದಾರಿಗೂ ಸಾಲದು. ಕುಟುಂಬದ ಒಂದೇ ಖಾತೆಯಲ್ಲಿ ಇಬ್ಬರದನ್ನೂ ಕೂಡಿಸುವ ವ್ಯವಸ್ಥೆ ನಮ್ಮ ಸಂಸ್ಥೆಯಲ್ಲಿ ಉಂಟು. ಕೂಡಿಸಿದರೂ ಅವಧಿ ಉದ್ದವಾಗುವುದಿಲ್ಲ, ಆದರೆ ಮೊತ್ತ ದೊಡ್ಡದಾಗುತ್ತದೆ. ಅಳಿಯನಿಗೆ ಈಗ ಅಲ್ಲಿ ಒಂದು ಬ್ಯಾಂಕ್ ಕಾರ್ಡ್ ಸಿಕ್ಕಿದೆ. ತಿಂಗಳ ಬಾಕಿ ಪೂರ್ತಿ ಕಟ್ಟಲಿಕ್ಕೆ ಆಗುವಷ್ಟನ್ನೇ ಅದರಲ್ಲಿ ಖರ್ಚು ಮಾಡು, ಮೈಲ್ಸಿನ ಆಸೆಗೆ ಬಡ್ಡಿ ಕಟ್ಟುವುದು ಬೇಡ ಎಂದು ಹೇಳಿದ್ದೇನೆ. ಮಾರ್ಚಿನ ಒಳಗೆ ಒಂದು ದಾರಿಯ 15,000 ಆದರೆ ಆ ಐದು ಸಾವಿರವೂ ಉಳಿಯುತ್ತದೆ. ಆಗದಿದ್ದರೆ ಸಂಸ್ಥೆಯ ದತ್ತಿಗೆ ಕೊಟ್ಟುಬಿಡುವುದು, ಎಮಿರೇಟ್ಸಿನಲ್ಲಿ ಎಮಿರೇಟ್ಸ್ ಏರ್‌ಲೈನ್ ಫೌಂಡೇಶನ್‌ಗೆ ಕೊಡುವ ಹಾಗೆ. ಮಕ್ಕಳಿಗಾಗಿ ಕೆಲಸ ಮಾಡುವ ದತ್ತಿ ಅದು.

ನಿನ್ನೆ ಅಕ್ಕ ಕೇಳಿದಳು, ಮುಂದಿನ ನೇಮಕ್ಕೆ ಈಗಲೇ ಟಿಕೆಟ್ ತೆಗೆಯಲು ಬರುತ್ತದಾ ಎಂದು. ಹೆಚ್ಚುಕಡಿಮೆ ಹನ್ನೊಂದು ತಿಂಗಳು ಮೊದಲೇ ಸೀಟು ತೆರೆಯುತ್ತಾರೆ, ಬೇಗ ನೋಡಿದವರಿಗೆ ಕಡಿಮೆ ಮೈಲ್ಸಿನದು ಸಿಗುತ್ತದೆ ಎಂದೆ. ದಿನ ಇಡಿಸಲು ಈ ಭಾನುವಾರವೇ ಪೆರ್ಡೂರಿಗೆ ಹೋಗಿ ಬರೋಣ ಎಂದಳು.